ಕೆಎ-32: ನಮ್ಮ ಜಿಲ್ಲೆಯ ಗೆರೆ ಎಳೆದವರು ಯಾರು?

ಕಲಬುರಗಿಯ ಶಹಾಬಜಾರದಿಂದ ಮಾತಾಡ್ಲಿಕತ್ತೀನಿ. ಇಯರ್‌ಫೋನ್ ಹಾಕ್ಕೊಂಡು ಬಸ್ಸಿನಾಗ ಕೂತವರು, ಲೈಬ್ರರಿಯಿಂದ ರೂಮಿಗೆ ನಡಕೊಂಡು ಹೊಂಟವರು, ಬದುವಿನ ಮ್ಯಾಲ ಮೊಬೈಲ್ ಇಟ್ಟು ಕೆಲಸ ಮಾಡ್ತಾ ಕೇಳೋರು, ಎಲ್ಲರಿಗೂ ಈ ಸಂಚಿಕೆಗೆ ಸ್ವಾಗತ.

ಇವತ್ತಿನ ವಿಷಯ ನಿಮ್ಮ ಬೈಕಿನ ನಂಬರ್ ಪ್ಲೇಟ್ ಮ್ಯಾಲೇ ಅದ. ಕೆಎ-32 ಅಂದ್ರ ಕಲಬುರಗಿ. ಕೆಎ-33 ಯಾದಗಿರಿ, ಕೆಎ-36 ರಾಯಚೂರು, ಕೆಎ-38 ಬೀದರ್. ಬೆಂಗಳೂರಿನ ಸಿಗ್ನಲ್‌ನಾಗ ಮುಂದಿನ ಗಾಡಿ ಮ್ಯಾಲ ಕೆಎ-32 ಕಂಡ್ರ "ಅರೆ, ನಮ್ಮೋರು" ಅಂತ ಖುಷಿ ಆಗ್ತದ, ಹೌದಲ್ರಿ? ಆದ್ರ ಈ "ನಮ್ಮೋರು" ಅನ್ನೋ ಗೆರೆ ಎಳೆದವರು ಯಾರು? ಯಾವಾಗ ಎಳೆದರು, ಯಾಕ ಎಳೆದರು?

ಜಿಲ್ಲೆ ಅಂದ್ರ ಬೆಟ್ಟ, ಹೊಳೆ ಇದ್ದಂಗ ಮೊದಲಿಂದಲೂ ಇದ್ದದ್ದು ಅಂತ ಭಾಳ ಮಂದಿ ತಿಳ್ಕೊಂಡಾರ. ಹಂಗಿಲ್ಲ. ಪ್ರತಿ ಜಿಲ್ಲೆಯನ್ನೂ ಯಾರೋ ಒಂದು ಕೆಲಸಕ್ಕಂತ ಮಾಡ್ಯಾರ. ಕೆಲಸ ಬದಲಾದಂಗ ಗೆರೆನೂ ಬದಲಾಗ್ಯಾವ. ಮತ್ತ, ಆ ಗೆರೆಯ ಯಾವ ಕಡೆ ನಾವು ಹುಟ್ಟೀವಿ ಅನ್ನೋದರ ಮ್ಯಾಲ ನಮ್ಮ ಕಾಲೇಜಿನ ಸೀಟು, ನಮ್ಮ ನೌಕರಿ, ನಮ್ಮ ಪಹಣಿ ಸಿಗೋ ಕಚೇರಿ ಎಲ್ಲಾ ನಿಂತಾವ. ಅದಕ್ಕೇ ಇದು ಬರೀ ಇತಿಹಾಸದ ಪಾಠ ಅಲ್ಲ.

ಮೊದಲು ಫ್ರಾನ್ಸಿಗೆ ಹೋಗಿ ಬರೋಣ

ಜಿಲ್ಲೆ ಮಾಡೋದು ಹ್ಯಾಂಗ ಅಂತ ಕೂತು, ಚರ್ಚೆ ಮಾಡಿ, ಇಡೀ ದೇಶವನ್ನು ಒಂದೇ ಸಲಕ್ಕೆ ಹಂಚಿದ ಉದಾಹರಣೆ ಬೇಕಂದ್ರ ಫ್ರಾನ್ಸ್ ನೋಡಬೇಕು. 1789ರಲ್ಲಿ ಅಲ್ಲಿ ಕ್ರಾಂತಿ ಆಯಿತು. ಅಲ್ಲಿತನಕ ಅಲ್ಲಿ ಹಳೆಯ ಪ್ರಾಂತ್ಯಗಳಿದ್ದವು. ಒಂದೊಂದು ಪ್ರಾಂತ್ಯಕ್ಕೆ ಒಂದೊಂದು ಕಾನೂನು, ಒಂದೊಂದು ರೀತಿಯ ತೆರಿಗೆ. ಇವನ್ನೆಲ್ಲ ತೆಗೆದುಹಾಕಿ ದೇಶವನ್ನು ಹೊಸದಾಗಿ ಭಾಗ ಮಾಡಬೇಕು ಎಂದು ಅಲ್ಲಿನ ಸಂವಿಧಾನ ಸಭೆ ತೀರ್ಮಾನಿಸಿತು. ಒಂದು ಯೋಜನೆಯಲ್ಲಂತೂ ಫ್ರಾನ್ಸಿನ ನಕ್ಷೆ ಮ್ಯಾಲ ಚೌಕಾಬಾರದ ಮನೆ ಹಾಕಿದಂಗ ಚೌಕ ಚೌಕ ಗೆರೆ ಹಾಕಿದ್ರು! ಜನ ಬದುಕೋದು ಚೌಕದಾಗ ಅಲ್ಲ ಅಂತ ಬೇರೆಯವರು ವಿರೋಧ ಮಾಡಿದ ಮ್ಯಾಲ, ಊರು, ಸಂತೆ, ಹೊಳೆ ನೋಡಿ ಗೆರೆ ತಿದ್ದಿದರು. 1790ರಲ್ಲಿ 83 ಜಿಲ್ಲೆಗಳಾದವು. ಅವರು ಇದಕ್ಕೆ "ದೆಪಾರ್ತಮಾಂ" ಅಂತಾರ. ಇವತ್ತು ಅವು 101 ಅವ. ನಮ್ಮ ಡಿಸಿ ಇದ್ದಂಗ ಅಲ್ಲಿ "ಪ್ರೆಫೆ" ಇರ್ತಾರ. ಆ ಹುದ್ದೆಯನ್ನು 1800ರಲ್ಲಿ ನೆಪೋಲಿಯನ್ ಶುರು ಮಾಡಿದ.

ಇದರಾಗ ಎರಡು ಮಾತು ನೆನಪಿಟ್ಕೊಳ್ರಿ. ಮೊದಲನೇದು ಹೆಸರು. ಹಳೆಯ ಪ್ರಾಂತ್ಯಗಳ ಹೆಸರು ಬ್ಯಾಡ ಅಂತ ಹೊಳೆ, ಬೆಟ್ಟಗಳ ಹೆಸರು ಇಟ್ಟರು. ಎರಡನೇದು ದೂರ. ಜಿಲ್ಲೆಯ ಯಾವ ಮೂಲೆಯ ಊರಿನವನಾದ್ರೂ ಕುದುರೆ ಮ್ಯಾಲ ಒಂದೇ ದಿನದಾಗ ಜಿಲ್ಲಾ ಕೇಂದ್ರ ಮುಟ್ಟುವಂಗ ಇರಬೇಕು, ಇದು ಅವರ ಅಳತೆ. ಜಿಲ್ಲೆ ದೊಡ್ಡದಿದ್ದರ ಅಧಿಕಾರಿಗೆ ಗೌರವ ಇರಬಹುದು, ರೈತನಿಗೆ ಎರಡು ದಿನದ ಕೂಲಿ ಹೋಗ್ತದ. ಆ ಲೆಕ್ಕ.

ಈಗ ನಮ್ಮದಕ್ಕೆ ಬರ್ರಿ. ಕಲಬುರಗಿ ಜಿಲ್ಲೆಯ ವಿಸ್ತೀರ್ಣ ಸುಮಾರು 11,000 ಚದರ ಕಿಲೋಮೀಟರ್. ಯುರೋಪಿನೊಳಗಿನ ಫ್ರಾನ್ಸಿನಾಗ ಎಲ್ಲಕ್ಕಿಂತ ದೊಡ್ಡ ಜಿಲ್ಲೆ ಅಂದ್ರ ಝಿರೋಂದ್, ಅದು ಸುಮಾರು 10,000. ಅಂದ್ರ ಯಾದಗಿರಿ ಬೇರೆ ಆದ ಮ್ಯಾಲೂ ನಮ್ಮ ಜಿಲ್ಲೆ ಅವರ ದೊಡ್ಡ ಜಿಲ್ಲೆಗಿಂತ ದೊಡ್ಡದು. ಯಾದಗಿರಿ ಕೂಡಿ ಇದ್ದಾಗ 16,000 ದಾಟಿತ್ತು. ಫ್ರಾನ್ಸಿನ ಅಳತೆ ಹಚ್ಚಿದ್ರ ನಾವು ಎಲ್ಲಿ ನಿಲ್ತೀವಿ ಅನ್ನೋದನ್ನ ಮುಂದ ನೋಡೋಣ.

ಗೆರೆಗಿಂತ ಮೊದಲು ನೆಲ ಇತ್ತು

ಫ್ರಾನ್ಸಿನವರು ಬಂದು ನಮ್ಮ ಜಿಲ್ಲೆಗೆ ಹೆಸರಿಟ್ಟಿದ್ರ ಏನಂತ ಇಡ್ತಿದ್ರು? ಖಂಡಿತ "ಭೀಮಾ" ಅಂತಿದ್ರು. ಇಲ್ಲಾಂದ್ರ "ಭೀಮಾ-ಕಾಗಿಣಾ". ಯಾಕಂದ್ರ ಈ ನೆಲದ ಕಥೆಯೆಲ್ಲ ಈ ಹೊಳೆಗಳ ದಂಡೆಯಾಗೇ ಅದ.

ಭೀಮಾ ಹುಟ್ಟೋದು ಮಹಾರಾಷ್ಟ್ರದ ಭೀಮಾಶಂಕರದಾಗ. ಅಫಜಲಪುರ ಕಡೆಯಿಂದ ಜಿಲ್ಲೆಯೊಳಗೆ ಬಂದು, ಗಾಣಗಾಪುರದಾಗ ಅಮರ್ಜಾ ಹೊಳೆಯನ್ನ ಕೂಡಿಸಿಕೊಂಡು, ಜೇವರ್ಗಿ, ಚಿತ್ತಾಪುರ ಸೀಮೆ ದಾಟಿ ಯಾದಗಿರಿ ಕಡೆ ಹೋಗಿ ಕೊನೆಗೆ ಕೃಷ್ಣೆಗೆ ಸೇರ್ತದ. ಕಾಗಿಣಾ ಬರೋದು ಪೂರ್ವದ ತೆಲಂಗಾಣದಿಂದ. ಬೆಣ್ಣೆತೊರೆ, ಮುಲ್ಲಾಮಾರಿ, ಗಂಡೋರಿ ನಾಲಾ ಎಲ್ಲಾ ಈ ಹೊಳೆಗಳ ಬಳಗ.

ನೆಲ ಎರಡು ಥರ ಅದ. ಉತ್ತರಕ್ಕೆ, ಪಶ್ಚಿಮಕ್ಕೆ, ಅಂದ್ರ ಆಳಂದ, ಅಫಜಲಪುರ, ಕಲಬುರಗಿ ಸುತ್ತಮುತ್ತ, ಕೆಳಗ ಕರಿಕಲ್ಲು. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದ ಲಾವಾ ಹರಿದು ಗಟ್ಟಿಯಾದ ದಖ್ಖನ್ ಶಿಲೆ ಅದು. ಅದು ಸವೆದು ಪುಡಿಯಾಗಿಯೇ ನಮ್ಮ ಎರೆಭೂಮಿ ಆದದ್ದು. ಮಳೆ ಬಿದ್ದರ ಕಾಲು ಎತ್ತಲಿಕ್ಕೆ ಬಿಡೋದಿಲ್ಲ, ಬೇಸಿಗೆಯಾಗ ಕೈ ಹೋಗುವಂಥ ಬಿರುಕು ಬಿಡ್ತದ. ದಕ್ಷಿಣಕ್ಕೆ, ಪೂರ್ವಕ್ಕೆ, ಸೇಡಂ, ಚಿತ್ತಾಪುರ, ಶಹಾಬಾದ, ವಾಡಿ ಕಡೆ ಸುಣ್ಣದ ಕಲ್ಲು. ಇದು ಆ ಲಾವಾಕ್ಕಿಂತಲೂ ಎಷ್ಟೋ ಹಳೆಯದು. ನಿಮ್ಮ ಮನೆ ಪಡಸಾಲೆಯ ಫರಸಿ, ಶಹಾಬಾದ ಕಲ್ಲು ಅಂತೀವಲ್ಲ, ಅದು ಇದೇ. ಸಿಮೆಂಟ್ ಕಾರ್ಖಾನೆಗಳೆಲ್ಲ ಆ ಭಾಗದಾಗೇ ಯಾಕ ಕೂತಾವ ಅಂದ್ರ ಇದಕ್ಕೇ. ಇನ್ನು ಚಿಂಚೋಳಿ ಕಡೆ ಹೋದ್ರ ಕೆಂಪು ಮಣ್ಣು, ಕಾಡು, ಗುಡ್ಡ. ಕಲಬುರಗಿ ಅಂದ್ರ ಬರೀ ಬಿಸಿಲು ಅನ್ನೋರಿಗೆ ಒಂದು ಸಲ ಚಿಂಚೋಳಿ ವನ್ಯಜೀವಿ ಧಾಮ ತೋರಿಸ್ರಿ.

ಈ ಹೊಳೆಗಳ ದಂಡೆ ಮ್ಯಾಲೇ ದೊಡ್ಡ ದೊಡ್ಡ ರಾಜ್ಯ ನಡೆದಾವ. ಭೀಮಾ ದಂಡೆಯ ಸನ್ನತಿಯಲ್ಲಿ 1986ರಲ್ಲಿ ಅಶೋಕನ ಶಾಸನ ಸಿಕ್ಕಿತು. ಪಕ್ಕದ ಕನಗನಹಳ್ಳಿಯಲ್ಲಿ ಅಶೋಕನ ಹೆಸರು ಕೆತ್ತಿದ ಶಿಲ್ಪವೇ ಸಿಕ್ಕಿತು. ಕಾಗಿಣಾ ದಂಡೆಯ ಮಳಖೇಡ, ಅಂದ್ರ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. 9ನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗ ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಅಂತ ಹೇಳ್ತದ. ಗಮನಿಸ್ರಿ, ಆ ಗಡಿಯನ್ನೂ ಹೊಳೆಗಳಿಂದಲೇ ಗುರುತು ಮಾಡ್ಯಾರ. ಮತ್ತ ಆ ಲೆಕ್ಕದಾಗ ಕಲಬುರಗಿ ಸೀಮೆ ನಾಡಿನ ತುದಿ ಅಲ್ಲ, ನಡುಭಾಗ. ಇವತ್ತು ನಾವು "ಗಡಿ ಜಿಲ್ಲೆ". ನೆಲ ಅಲ್ಲೇ ಅದ, ನಡುವು ಬೇರೆ ಕಡೆ ಹೋಗ್ಯದ.

ಸೈನ್ಯಕ್ಕಾಗಿ ಎಳೆದ ಗೆರೆ

1347ರಲ್ಲಿ ಅಲ್ಲಾವುದ್ದೀನ್ ಹಸನ್ ಬಹಮನ್ ಷಾ ದಿಲ್ಲಿಯಿಂದ ಬೇರೆಯಾಗಿ ಗುಲ್ಬರ್ಗವನ್ನು ರಾಜಧಾನಿ ಮಾಡಿಕೊಂಡ. ಮೊದಮೊದಲ ಬಹಮನಿ ಸುಲ್ತಾನರು ರಾಜ್ಯವನ್ನು ನಾಲ್ಕು "ತರಫ್" ಮಾಡಿದರು. ಗುಲ್ಬರ್ಗ, ದೌಲತಾಬಾದ್, ಬೀದರ್, ಬೇರಾರ್. ಒಂದೊಂದಕ್ಕೆ ಒಬ್ಬ ತರಫದಾರ. ಅವನ ಕೆಲಸ ಕಂದಾಯ ಎತ್ತೋದು, ಸೈನ್ಯ ಇಡೋದು, ಯುದ್ಧ ಬಂದ್ರ ಹೊರಡೋದು. ಅಂದ್ರ ಜನರ ಹತ್ತಿರ ಹೋಗಬೇಕು ಅಂತ ಮಾಡಿದ ಗೆರೆ ಅಲ್ಲ, ಕುದುರೆ-ದಂಡು ಸಾಕಲಿಕ್ಕೆ ಮಾಡಿದ್ದು.

1420ರ ದಶಕದಾಗ ರಾಜಧಾನಿ ಬೀದರಿಗೆ ಹೋಯಿತು. ಗುಲ್ಬರ್ಗಕ್ಕೆ ಉಳಿದದ್ದು ಕೋಟೆ, 1367ರ ಜಾಮಿಯಾ ಮಸೀದಿ, ಮತ್ತ 1422ರಲ್ಲಿ ತೀರಿಹೋದ ಖ್ವಾಜಾ ಬಂದೇನವಾಜರ ದರ್ಗಾ.

ತರಫದಾರರು ಭಾಳ ಬಲಿತರು. 1470ರ ದಶಕದಾಗ ಮಂತ್ರಿ ಮಹಮೂದ್ ಗವಾನ್ ಇದನ್ನ ನೋಡಿ ನಾಲ್ಕು ತರಫನ್ನ ಎಂಟು ಮಾಡಿದ. ಗುಲ್ಬರ್ಗ ತರಫ್ ಒಡೆದು ಗುಲ್ಬರ್ಗ, ಬಿಜಾಪುರ ಎರಡಾದವು. ತರಫದಾರನ ಕೈಯಾಗ ಒಂದೇ ಕೋಟೆ ಇರಬೇಕು ಅಂತ ನಿಯಮ ಮಾಡಿದ. ಇದರಿಂದ ಸಿಟ್ಟಾದವರು ಭಾಳ. 1481ರಲ್ಲಿ ಸುಲ್ತಾನನ ಆಜ್ಞೆಯಿಂದಲೇ ಗವಾನನ ತಲೆ ಹೋಯಿತು. ಆಮ್ಯಾಲ ರಾಜ್ಯವೇ ಐದು ಹೋಳಾಯಿತು. ಜಿಲ್ಲೆ ಒಡೆಯೋದು, ಕೂಡಿಸೋದು ಅಧಿಕಾರದ ಆಟ ಅನ್ನೋದು ಇವತ್ತಿನ ಮಾತಲ್ಲ, 550 ವರ್ಷದ ಹಿಂದಿನ ಮಾತು.

ಕಂದಾಯಕ್ಕಾಗಿ ಎಳೆದ ಗೆರೆ

ಆಮ್ಯಾಲ ಬಿಜಾಪುರದ ಆದಿಲಶಾಹಿಗಳು, ಅವರ ನಂತರ ಮೊಘಲರು, 1724ರಿಂದ ಹೈದರಾಬಾದಿನ ನಿಜಾಮರು. ನಿಜಾಮರ ರಾಜ್ಯದಾಗ ಭಾಳ ವರ್ಷ ಕಂದಾಯ ಎತ್ತೋ ಕೆಲಸವನ್ನ ಗುತ್ತಿಗೆ ಕೊಡ್ತಿದ್ರು. ಗುತ್ತಿಗೆ ಹಿಡಿದವ ಸರ್ಕಾರಕ್ಕೆ ಇಷ್ಟು ಅಂತ ಕಟ್ಟಿ, ರೈತನ ಹತ್ರ ಎಷ್ಟು ಸಿಗ್ತದೋ ಅಷ್ಟು ಹಿಂಡುತ್ತಿದ್ದ.

ಇದನ್ನ ಬದಲಾಯಿಸಿದವರು ದಿವಾನ ಒಂದನೇ ಸಾಲಾರ್ ಜಂಗ್. 1865ರಲ್ಲಿ ಅವರು ತಂದದ್ದೇ "ಜಿಲ್ಲಾಬಂದಿ". ಗುತ್ತಿಗೆದಾರನ ಬದಲು ಪಗಾರದ ಅಧಿಕಾರಿ. ರಾಜ್ಯಕ್ಕೆ ಸುಬಾ, ಸುಬಾದ ಕೆಳಗ ಜಿಲ್ಲೆ, ಜಿಲ್ಲೆಯ ಕೆಳಗ ತಾಲೂಕು. ಸುಬಾಕ್ಕೆ ಸುಬೇದಾರ, ಜಿಲ್ಲೆಗೆ ಅವ್ವಲ್ ತಾಲೂಕದಾರ, ತಾಲೂಕಿಗೆ ತಹಸೀಲ್ದಾರ. ನಾವು ಇವತ್ತು ಅನ್ನೋ ಅರ್ಥದ "ಜಿಲ್ಲೆ" ನಮ್ಮಲ್ಲಿ ಶುರುವಾದದ್ದು ಇಲ್ಲಿಂದ. ಅವ್ವಲ್ ತಾಲೂಕದಾರ ಹೋಗಿ ಡಿಸಿ ಬಂದಾರ, ತಹಸೀಲ್ದಾರ ಮಾತ್ರ ಅಲ್ಲೇ ಕೂತಾನ. ಮುಂದ ಗುಲ್ಬರ್ಗವೇ ಒಂದು ಸುಬಾದ ಕೇಂದ್ರವಾಯಿತು. ಗುಲ್ಬರ್ಗ, ರಾಯಚೂರು, ಬೀದರ್, ಉಸ್ಮಾನಾಬಾದ್ ಅದರ ಜಿಲ್ಲೆಗಳು. ಇವತ್ತು ಕಲಬುರಗಿ "ವಿಭಾಗೀಯ ಕೇಂದ್ರ" ಅಂತೀವಲ್ಲ, ಅದರ ಬೇರು ಇಲ್ಲಿದೆ.

ಇದೇ ಹೊತ್ತಿಗೆ ರೈಲು ಬಂತು. 1871ರಲ್ಲಿ ಮುಂಬೈ ಕಡೆಯ ಹಳಿ, ಮದ್ರಾಸ್ ಕಡೆಯ ಹಳಿ ರಾಯಚೂರಿನಲ್ಲಿ ಕೂಡಿದವು. 1874ರಲ್ಲಿ ವಾಡಿಯಿಂದ ಹೈದರಾಬಾದ್ ಕಡೆಗೆ ನಿಜಾಮರ ರೈಲು ಶುರುವಾಯಿತು. ಸುಣ್ಣದಕಲ್ಲಿನ ಮ್ಯಾಲ ಕೂತಿದ್ದ ಸಣ್ಣ ಊರು ವಾಡಿ ಜಂಕ್ಷನ್ ಆಯಿತು.

ಆದ್ರ ಈ ಜಿಲ್ಲೆ ಒಂದೇ ಸಮ ಇರಲಿಲ್ಲ. ನಡುನಡುವೆ ಜಹಗೀರು, ಪೈಗಾ ಸೀಮೆಗಳು ತೂತು ಬಿದ್ದ ಬಟ್ಟೆಯಂಗ ಇದ್ದವು. ಆ ಊರುಗಳಾಗ ಕಂದಾಯ ನವಾಬರ ಮನೆಗೆ. ಒಂದೇ ಎರೆಭೂಮಿ, ಅಕ್ಕಪಕ್ಕದ ಎರಡು ಊರು, ಇಬ್ಬರು ಬೇರೆ ಬೇರೆ ಧಣಿಗಳು. 1949ರ ಆಗಸ್ಟ್‌ನಲ್ಲಿ ಜಹಗೀರು ರದ್ದಾದ ಮ್ಯಾಲಷ್ಟೇ ಆ ತೂತು ಮುಚ್ಚಿದವು.

ನಾನು ಕೂತಿರೋ ಶಹಾಬಜಾರದಾಗ ಆಳಂದ ರಸ್ತೆ ಕಡೆ "ನಾಕಾ" ಅದ. ನಾಕಾ ಅಂದ್ರ ಊರೊಳಗ ಬರೋ ಮಾಲಿಗೆ ಸುಂಕ ಹಿಡಿಯೋ ಜಾಗ. ಸುಂಕ ನಿಂತು ಎಷ್ಟೋ ವರ್ಷ ಆದ್ರೂ ಆಟೋದವರಿಗೆ "ಶಹಾಬಜಾರ ನಾಕಾ" ಅಂದ್ರೇ ತಿಳೀತದ. ಗೆರೆ ಅಳಿಸಿ ಹೋದ ಮ್ಯಾಲೂ ಅದರ ಹೆಸರು ಜನರ ಬಾಯಾಗ ಉಳೀತದ.

ಭಾಷೆಗಾಗಿ ಎಳೆದ ಗೆರೆ: ಕೊಡಂಗಲ್, ತಾಂಡೂರು

1947ರ ಆಗಸ್ಟ್ 15ಕ್ಕೆ ನಮಗೆ ಸ್ವಾತಂತ್ರ್ಯ ಬರಲಿಲ್ಲ ಅನ್ನೋದು ನಿಮಗೆಲ್ಲ ಗೊತ್ತು. 1948ರ ಸೆಪ್ಟೆಂಬರ್ 13ರಿಂದ 17ರವರೆಗಿನ ಪೊಲೀಸ್ ಕಾರ್ಯಾಚರಣೆ ಆದ ಮ್ಯಾಲ ಹೈದರಾಬಾದ್ ರಾಜ್ಯ ಭಾರತಕ್ಕೆ ಸೇರಿತು. ಅದಕ್ಕೇ ಸೆಪ್ಟೆಂಬರ್ 17ಕ್ಕೆ ನಮ್ಮಲ್ಲಿ ಧ್ವಜ ಹಾರಿಸ್ತಾರ. ಆಮ್ಯಾಲ ಭಾಷೆ ಪ್ರಕಾರ ರಾಜ್ಯ ಬೇಕು ಅನ್ನೋ ಕೂಗು. ಫಜಲ್ ಅಲಿ ಆಯೋಗ 1955ರಲ್ಲಿ ವರದಿ ಕೊಟ್ಟಿತು. 1956ರ ನವೆಂಬರ್ 1ಕ್ಕೆ ಹೈದರಾಬಾದ್ ರಾಜ್ಯ ಮೂರು ಹೋಳಾಯಿತು. ಕನ್ನಡದವರು ಮೈಸೂರಿಗೆ, ಮರಾಠಿಯವರು ಮುಂಬೈಗೆ, ತೆಲುಗಿನವರು ಆಂಧ್ರಕ್ಕೆ.

ಆದ್ರ ಗುಲ್ಬರ್ಗ ಜಿಲ್ಲೆ ಪೂರ್ತಿ ಮೈಸೂರಿಗೆ ಬರಲಿಲ್ಲ. ಕೊಡಂಗಲ್, ತಾಂಡೂರು ಎರಡು ತಾಲೂಕು ಆಂಧ್ರಕ್ಕೆ ಹೋದವು. ರಾಯಚೂರಿನಿಂದ ಆಲಂಪುರ, ಗದ್ವಾಲ್ ಹೋದವು. ಬೀದರಿನಿಂದ ಉದಗೀರ, ನಿಲಂಗಾ, ಅಹಮದಪುರ ಮುಂಬೈ ಕಡೆ ಹೋದವು. ಇವತ್ತು ಕೊಡಂಗಲ್, ತಾಂಡೂರು ಎರಡೂ ತೆಲಂಗಾಣದ ವಿಕಾರಾಬಾದ್ ಜಿಲ್ಲೆಯಾಗ ಅವ. 2023ರ ಚುನಾವಣೆಯಲ್ಲಿ ಗೆದ್ದು ತೆಲಂಗಾಣದ ಮುಖ್ಯಮಂತ್ರಿ ಆದ ರೇವಂತ್ ರೆಡ್ಡಿ ಅವರ ಕ್ಷೇತ್ರ ಅಂದ್ರ ಇದೇ ಕೊಡಂಗಲ್. 70 ವರ್ಷದ ಹಿಂದ ಅದು ಗುಲ್ಬರ್ಗ ಜಿಲ್ಲೆಯ ಒಂದು ತಾಲೂಕು!

ಗೆರೆ ಬಿತ್ತು. ನೆಲಕ್ಕೆ ಅದು ಗೊತ್ತಾಗಲಿಲ್ಲ. ಈ ಕಡೆ ಶಹಾಬಾದ ಕಲ್ಲು, ಆ ಕಡೆ ತಾಂಡೂರು ಕಲ್ಲು, ಎರಡೂ ಭೀಮಾ ಕೊಳ್ಳದ ಸುಣ್ಣದಕಲ್ಲೇ. ಈ ಕಡೆಯ ಗುಲ್ಬರ್ಗ ತೊಗರಿಗೆ 2019ರಲ್ಲಿ ಜಿಐ ಗುರುತು ಸಿಕ್ಕಿತು, ಆ ಕಡೆಯ ತಾಂಡೂರು ತೊಗರಿಗೆ 2022ರಲ್ಲಿ ಬೇರೆ ಜಿಐ ಗುರುತು. ತಾಂಡೂರು ಹತ್ತಿರ ಹರಿದ ಕಾಗಿಣಾ ಮಳಖೇಡದ ಮುಂದ ಬರ್ತಾಳ. ಆ ಕಡೆ ಇವತ್ತಿಗೂ ಕನ್ನಡ ಮಾತಾಡೋ ಮನೆಗಳು ಅವ. ಈ ಕಡೆ ಸೇಡಂ, ಚಿಂಚೋಳಿಯಾಗ ತೆಲುಗು ಮಾತಾಡೋ ಮನೆಗಳು ಅವ. ಬೀಗತನ ನಿಂತಿಲ್ಲ.

ಪಶ್ಚಿಮದ ಗೆರೆನೂ ಹಂಗೇ. ಮಹಾರಾಷ್ಟ್ರದಾಗ ಮಳೆ ಜೋರಾಗಿ ಉಜನಿ ಜಲಾಶಯದಿಂದ ನೀರು ಬಿಟ್ಟರ ಅಫಜಲಪುರ, ಜೇವರ್ಗಿ ದಂಡೆಯ ಊರುಗಳು ಮುಳುಗ್ತಾವ. 2020ರ ಅಕ್ಟೋಬರ್ ಯಾರೂ ಮರೆತಿಲ್ಲ. ಬೇಸಿಗೆ ಬಂತಂದ್ರ ಅದೇ ಹೊಳೆಗೆ ನೀರು ಬಿಡ್ರಿ ಅಂತ ಕೇಳಬೇಕು. ನೀರು ಬರೋದು ಒಂದು ರಾಜ್ಯದಿಂದ, ಪರಿಹಾರದ ಅರ್ಜಿ ಹಾಕೋದು ಇನ್ನೊಂದು ರಾಜ್ಯದಾಗ.

ಒಂದೇ ರಾಜ್ಯದ ಮಕ್ಕಳು, 40 ವರ್ಷದ ಅಂತರ

ಈಗ ನಿಮ್ಮ ಜೇಬಿಗೆ ಮುಟ್ಟೋ ಮಾತಿಗೆ ಬರ್ತೀನಿ.

ಹೈದರಾಬಾದ್ ರಾಜ್ಯದಿಂದ ಬಂದ ಸೀಮೆಗಳು ಎಲ್ಲಿ ಸೇರಿದರೂ ಹಿಂದುಳಿದಿದ್ದವು. ಆಂಧ್ರದಾಗ ತೆಲಂಗಾಣದವರು ಗಲಾಟೆ ಮಾಡಿದರು, ಸ್ಥಳೀಯರಿಗೆ ಸೀಟು, ನೌಕರಿ ಮೀಸಲು ಬೇಕು ಅಂತ ಪಟ್ಟು ಹಿಡಿದರು. 1973ರ ತಿದ್ದುಪಡಿ ಕಾಯ್ದೆಯಿಂದ ಸಂವಿಧಾನಕ್ಕೆ 371ಡಿ ವಿಧಿ ಸೇರಿತು. ಅಂದ್ರ ಗುಲ್ಬರ್ಗ ಜಿಲ್ಲೆಯಿಂದ ಹೋದ ಕೊಡಂಗಲ್, ತಾಂಡೂರಿನ ಹುಡುಗರು ಆ ವಿಧಿಯೊಳಗ ಬಂದರು. ಅದೇ ಜಿಲ್ಲೆಯಾಗ ಉಳಿದ ಸೇಡಂ, ಚಿಂಚೋಳಿ ಹುಡುಗರಿಗೆ ಏನೂ ಇರಲಿಲ್ಲ. ನಮಗೆ 371ಜೆ ಬಂದದ್ದು ಯಾವಾಗ? 2012ರ ಕೊನೆಗೆ ಸಂಸತ್ತಿನಾಗ ಪಾಸಾಗಿ, 2013ರಲ್ಲಿ ಜಾರಿಗೆ ಬಂತು. ನಡುವೆ 40 ವರ್ಷ. ವೈಜನಾಥ ಪಾಟೀಲರಂಥವರು ದಶಕಗಟ್ಟಲೆ ಹೋರಾಡಿದ ಮ್ಯಾಲ ಬಂತು. ಅಷ್ಟರಾಗ ಎರಡು ತಲೆಮಾರು ಪುಣೆ, ಮುಂಬೈ, ಹೈದರಾಬಾದ್ ಅಂತ ದುಡಿಯಲಿಕ್ಕೆ ಹೋಗಿತ್ತು.

ಬೇಕಿತ್ತೋ ಇಲ್ಲೋ ಅನ್ನೋರಿಗೆ ಒಂದೇ ಲೆಕ್ಕ. 2002ರ ನಂಜುಂಡಪ್ಪ ಸಮಿತಿ ವರದಿ ರಾಜ್ಯದಾಗ 39 ತಾಲೂಕು ಅತ್ಯಂತ ಹಿಂದುಳಿದವು ಅಂತ ಗುರುತಿಸಿತು. ಅದರಾಗ 21 ತಾಲೂಕು ಗುಲ್ಬರ್ಗ ವಿಭಾಗದವು. ಅರ್ಧಕ್ಕಿಂತ ಹೆಚ್ಚು.

371ಜೆ ಪ್ರಕಾರ ಈ ಭಾಗದ ಕಾಲೇಜುಗಳಾಗ ಸ್ಥಳೀಯರಿಗೆ 70 ಶೇಕಡಾ ಸೀಟು, ರಾಜ್ಯದ ಉಳಿದ ಕಡೆ 8 ಶೇಕಡಾ. ಇಲ್ಲಿನ ಸರ್ಕಾರಿ ಹುದ್ದೆಗಳಾಗ ಎ, ಬಿ ಗುಂಪಿಗೆ 75, ಸಿ ಗುಂಪಿಗೆ 80, ಡಿ ಗುಂಪಿಗೆ 85 ಶೇಕಡಾ. ಇದಕ್ಕೆ ಅರ್ಹರು ಯಾರು? ಈ ಭಾಗದಾಗ ಹುಟ್ಟಿದವರು, ಇಲ್ಲಾ 2013ರ ಜನವರಿ 1ಕ್ಕಿಂತ ಮೊದಲು ಹತ್ತು ವರ್ಷ ಇಲ್ಲೇ ವಾಸವಿದ್ದವರು, ಇಂಥವರ ಮಕ್ಕಳು. ಅರ್ಹತಾ ಪ್ರಮಾಣ ಪತ್ರಕ್ಕೆ ಉಪವಿಭಾಗಾಧಿಕಾರಿ, ಅಂದ್ರ ಎಸಿ ಸಾಹೇಬರ ಸಹಿ ಬೇಕು. ನಮ್ಮ ಜಿಲ್ಲೆಯಾಗ ಕಲಬುರಗಿ, ಸೇಡಂ ಅಂತ ಎರಡು ಉಪವಿಭಾಗ. ನೇಮಕಾತಿ ಅಧಿಸೂಚನೆ ಬಂದ ಮ್ಯಾಲ ಓಡಾಡಬ್ಯಾಡ್ರಿ. ಶಾಲೆ ದಾಖಲೆ, ಜನನ ದಾಖಲೆ ಕೂಡಿಸಿಕೊಂಡು ಈಗಲೇ ಮಾಡಿಸಿ ಇಟ್ಕೊಳ್ರಿ. ಮನೆಯಾಗ ತಮ್ಮ-ತಂಗಿ ಇದ್ದರ ಅವರದ್ದೂ ಮಾಡಿಸ್ರಿ. ನಿಮ್ಮ ಅಜ್ಜನ ಕಾಲದಾಗ ಎಳೆದ ಗೆರೆಯ ಫಲ ಇವತ್ತು ಒಂದು ಹಾಳೆ ಮ್ಯಾಲ ಬಂದು ಕೂತದ. ಆ ಹಾಳೆ ಇಲ್ಲ ಅಂದ್ರ ಅಷ್ಟು ವರ್ಷದ ಹೋರಾಟ ನಿಮ್ಮ ಪಾಲಿಗೆ ಇಲ್ಲ.

ಜನರ ಹತ್ತಿರ ಬರಲಿಕ್ಕೆ ಎಳೆದ ಗೆರೆ

ಕೊನೆಯ ಗೆರೆಗಳು ನಿಮ್ಮ ಕಣ್ಣ ಮುಂದೇ ಬಿದ್ದವು. 2009-10ರಲ್ಲಿ ಯಾದಗಿರಿ, ಶಹಾಪುರ, ಸುರಪುರ ತಾಲೂಕು ಬೇರೆಯಾಗಿ ಯಾದಗಿರಿ ಜಿಲ್ಲೆ ಆಯಿತು. ಅಲ್ಲಿತನಕ ಸುರಪುರದ ರೈತ ಡಿಸಿ ಕಚೇರಿಗೆ ಬರಬೇಕಂದ್ರ ಒಂದು ಕಡೆಗೇ ಸುಮಾರು ನೂರು ಕಿಲೋಮೀಟರ್. 1858ರಲ್ಲಿ ಇಂಗ್ಲಿಷರ ವಿರುದ್ಧ ಎದ್ದ ರಾಜಾ ವೆಂಕಟಪ್ಪ ನಾಯಕನ ಸಂಸ್ಥಾನ ಅದು. ಒಂದು ಕಾಲಕ್ಕೆ ತಾನೇ ಕೇಂದ್ರವಾಗಿದ್ದ ಊರು ಒಂದು ಜಿಲ್ಲೆಯ ದೂರದ ಮೂಲೆ ಆಗಿತ್ತು.

2014ರ ನವೆಂಬರ್ 1ಕ್ಕೆ ಗುಲ್ಬರ್ಗ ಹೋಗಿ ಸರ್ಕಾರಿ ಕಾಗದದಾಗೂ ಕಲಬುರಗಿ ಆಯಿತು. 2019ರ ಸೆಪ್ಟೆಂಬರ್ 17ಕ್ಕೆ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಆಯಿತು. ನಡುವೆ 2017ರಲ್ಲಿ ಘೋಷಣೆಯಾಗಿ ಹೊಸ ತಾಲೂಕುಗಳು ಬಂದವು. ನಮ್ಮ ಜಿಲ್ಲೆಗೆ ಕಮಲಾಪುರ, ಕಾಳಗಿ, ಶಹಾಬಾದ, ಯಡ್ರಾಮಿ. ಏಳು ತಾಲೂಕು ಇದ್ದದ್ದು ಹನ್ನೊಂದಾದವು.

ಕಮಲಾಪುರವನ್ನೇ ನೋಡ್ರಿ. ಹುಮನಾಬಾದ್ ರಸ್ತೆ ಮ್ಯಾಲಿನ ಊರು, ಕೆಂಪು ಬಾಳೆಹಣ್ಣಿಗೆ ಹೆಸರು. ಆ ಬಾಳೆಗೂ ಜಿಐ ಗುರುತು ಅದ. ಮೊದಲು ಕಮಲಾಪುರ ಕಲಬುರಗಿ ತಾಲೂಕಿನ ಒಂದು ಹೋಬಳಿ. ತಹಸೀಲ್ದಾರರ ಸಹಿ ಬೇಕಂದ್ರ ಅಲ್ಲಿನ ಹಳ್ಳಿಯವರು ಕಲಬುರಗಿಗೇ ಬರಬೇಕಿತ್ತು. ಇಡೀ ನಗರದ ಜನರ ಜೋಡಿ ಅದೇ ಸಾಲಿನಾಗ ನಿಲ್ಲಬೇಕು. ಈಗ ತಾಲೂಕು ಅವರ ಊರಿನಾಗೇ ಅದ.

ಇಲ್ಲಿ ಫ್ರಾನ್ಸಿನ ಕುದುರೆ ಮತ್ತ ನೆನಪಾಗಬೇಕು. ಒಂದು ದಿನದಾಗ ಮುಟ್ಟಬೇಕು ಅನ್ನೋ ಅಳತೆ ಇವತ್ತು ಸಾಕಾಗೋದಿಲ್ಲ. ಇವತ್ತು ಮುಟ್ಟೋದು ಕಷ್ಟ ಅಲ್ಲ, ಚಿಂಚೋಳಿಯಿಂದ ಕಲಬುರಗಿ 80 ಕಿಲೋಮೀಟರ್ ಆಸುಪಾಸು, ಬಸ್ಸಿನಾಗ ಅರ್ಧ ದಿನದೊಳಗ ಬಂದು ಮುಟ್ಟಬಹುದು. ನಮ್ಮ ಕಾಲದ ಅಳತೆ ಬೇರೆ ಇರಬೇಕು: ಹೋದ ದಿನವೇ ಕೆಲಸ ಮುಗಿಸಿ ಮನೆಗೆ ಊಟಕ್ಕೆ ವಾಪಸ್ ಬರ್ತೀವೋ ಇಲ್ಲೋ? "ನಾಳೆ ಬಾ" ಅನ್ನೋ ಮಾತು ಒಂದಿದ್ದರ 80 ಕಿಲೋಮೀಟರ್ 320 ಆಗ್ತದ. ಬೋರ್ಡ್ ಬದಲಾಗಿ, ಕುರ್ಚಿ ಖಾಲಿ ಇದ್ದರ ಹೊಸ ತಾಲೂಕು ಅನ್ನೋದು ನಕ್ಷೆಯ ಮ್ಯಾಲಿನ ಬಣ್ಣ ಅಷ್ಟೇ.

ಅದಕ್ಕೇ ನನ್ನ ಮಾತು ಇಷ್ಟು. ತರಫ್ ಬಂದದ್ದು ದಂಡಿಗಾಗಿ. ಜಿಲ್ಲಾಬಂದಿ ಬಂದದ್ದು ಕಂದಾಯಕ್ಕಾಗಿ. 1956ರ ಗೆರೆ ಬಂದದ್ದು ಭಾಷೆಗಾಗಿ. ಈ ಮೂರೂ ಗೆರೆ ಎಳೆಯುವಾಗ ಹಳ್ಳಿಯವರನ್ನ ಯಾರೂ ಕೇಳಿರಲಿಲ್ಲ. ಈಗಿನ ಗೆರೆಗಳು ನಿಮ್ಮ ಹೆಸರಿನ ಮ್ಯಾಲೇ ಬಿದ್ದಾವ, ಆಡಳಿತ ನಿಮ್ಮ ಹತ್ತಿರ ಬರಲಿ ಅಂತ. ಹಂಗಾದ್ರ ಹತ್ತಿರ ಬಂದದೋ ಇಲ್ಲೋ ಅಂತ ಕೇಳೋ ಹಕ್ಕೂ ನಿಮ್ಮದೇ. 2011ರ ಜನಗಣತಿ ಪ್ರಕಾರ ಈ ಜಿಲ್ಲೆಯಾಗ 25 ಲಕ್ಷ 66 ಸಾವಿರ ಜನ ಇದ್ದರು. ಅದರಾಗ ದೊಡ್ಡ ಪಾಲು ನಿಮ್ಮ ವಯಸ್ಸಿನವರೇ. ಮುಂದಿನ ಸಲ ಗ್ರಾಮಸಭೆಯಾಗ, ಇಲ್ಲಾ ಜನಸ್ಪಂದನದಾಗ ಮೈಕ್ ಕೈಗೆ ಬಂದ್ರ ಇದೊಂದು ಪ್ರಶ್ನೆ ಕೇಳ್ರಿ: ನಮ್ಮ ತಾಲೂಕಿಗೆ ಮಂಜೂರಾದ ಹುದ್ದೆ ಎಷ್ಟು, ತುಂಬಿದ್ದು ಎಷ್ಟು? ಉತ್ತರ ಕೊಡದಿದ್ದರ ಮಾಹಿತಿ ಹಕ್ಕಿನ ಅರ್ಜಿ ಹಾಕ್ರಿ, ಹತ್ತು ರೂಪಾಯಿ ಶುಲ್ಕ.

ಹಂಗೇ ಇನ್ನೊಂದು ಸಣ್ಣ ಕೆಲಸ. ಮನೆಯಾಗ ಅಜ್ಜ-ಅಜ್ಜಿ ಇದ್ದರ, ಅವರ ಹಳೆಯ ಕಾಗದಪತ್ರದಾಗ ಜಿಲ್ಲೆ ಅಂತ ಏನು ಬರೆದದ, ತಾಲೂಕು ಅಂತ ಏನು ಬರೆದದ ನೋಡ್ರಿ. ನಿಮ್ಮದರ ಜೋಡಿ ಇಟ್ಟು ನೋಡ್ರಿ. ಮನೆ ಬದಲಾಗದೇ ವಿಳಾಸ ಎಷ್ಟು ಸಲ ಬದಲಾಗ್ಯದ ಅಂತ ಎಣಿಸಿ ನಮಗೆ ಬರೆದು ಕಳಿಸ್ರಿ. ಮುಂದಿನ ಸಂಚಿಕೆಯಾಗ ಆ ಮಾತು ಮುಂದುವರಿಸೋಣ.

ಬರ್ತೀನ್ರಿ. ಬಿಸಿಲು ಭಾಳ ಅದ, ನೀರು ಕುಡೀರಿ. ನಮಸ್ಕಾರ.